ಖಾಲಿ ಕಳಿಸಬಾರದೆಂದು ತುಂಬಿಸಿದ ತಟ್ಟೆ

ನಮ್ಮ ಮೊಮ್ಮಗಳು ಭೂಮಿಕಾಗೆ ದೊಡ್ಡ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಸೀಟು ಸಿಕ್ಕಿದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಬರೆಯಲು ಕೈ ಓಡುವುದಿಲ್ಲ. ಸುದ್ದಿ ಬಂದ ದಿನ ಕೊಟ್ಟೂರಿನ ನಮ್ಮ ಓಣಿಯಲ್ಲಿ ಮನೆಮನೆಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದೆ. ಖುಷಿಯಲ್ಲಿ ಹಂಚಿದ ಮನೆಗೇ ಮತ್ತೊಮ್ಮೆ ಹೋದೆನಂತೆ. ಅವರೂ ಏನೂ ಅನ್ನದೆ ಎರಡನೇ ಸಲ ಇಸಿದುಕೊಂಡರಂತೆ. ಎದುರುಮನೆ ಗೌರಕ್ಕ ಮೆಣಸಿನಕಾಯಿ ಕಡಿಯುತ್ತಾ ಕೇಳಿದಳು:

"ಏನ್ ಕೆಲಸ ಬೇ ಅದು, ನಿನ್ನ ಮೊಮ್ಮಗಳದು?"

"ಜೀವಕೋಶ ಅಂತ ಇರ್ತಾವು. ಅವು ಒಂದಕ್ಕೊಂದು ಹೆಂಗ ಮಾತಾಡ್ತಾವು ಅಂತ ನೋಡೋದು."

"ಅವೂ ಮಾತಾಡ್ತಾವ?"

"ನಿನಗಿಂತ ಚೊಲೊ ಮಾತಾಡ್ತಾವು. ಹಸಿವಾದಾಗಷ್ಟ ಬಾಯಿ ತಗೀತಾವು."

"ಹಂಗಾದ್ರ ನಮ್ಮನಿಯವರ ಜಾತೀನ ಬಿಡು," ಅಂದು ಗೌರಕ್ಕ ಇನ್ನೊಂದು ಮೆಣಸಿನಕಾಯಿಗೆ ಕೈ ಹಾಕಿದಳು.

ಭೂಮಿಕಾ ಸೇರಿರುವುದು ರೇಷ್ಮಾ ಮೇಡಂ ಅವರ ಲ್ಯಾಬಿಗೆ. ಈ ರೇಷ್ಮಾ ಮೇಡಂ ಒಂದು ಕಾಲಕ್ಕೆ ನಮ್ಮ ಕೊಟ್ಟೂರಿನ ಕಾಲೇಜಿನಲ್ಲೇ ಸಂಶೋಧನೆ ಮಾಡುತ್ತಿದ್ದ ಹರಪನಹಳ್ಳಿ ಹುಡುಗಿ. ಅದೇ ಲ್ಯಾಬಿನಲ್ಲಿ ನಾನು ಅಟೆಂಡರ್. ಆ ಹುಡುಗಿಯ ಮೂರು ವರ್ಷದ ಓದನ್ನು ನನ್ನ ಕೈಯಾರೆ ಮುಳುಗಿಸಿಬಿಡುತ್ತಿದ್ದೆ, ಸ್ವಲ್ಪದರಲ್ಲಿ ತಪ್ಪಿತು. ಮುಳುಗಿದ್ದರೆ ರೇಷ್ಮಾ ಮೇಡಂ ಎಲ್ಲಿ, ಈ ಸೀಟು ಎಲ್ಲಿ? "ಅಜ್ಜಿ, ಅದನ್ನ ಬರಿ. ಲ್ಯಾಬಿಗೆ ಹೊಸದಾಗಿ ಬರೋರು ಓದ್ಲಿ," ಎಂದು ಭೂಮಿಕಾ ನೋಟ್‌ಬುಕ್ ತಂದುಕೊಟ್ಟಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದು ನಾನೇ, ಒತ್ತಕ್ಷರ ತಿದ್ದಿದ್ದು ಅವಳು.

ನನಗೆ ಅಲ್ಲಿ ಕೊಟ್ಟ ಕೆಲಸ ತೊಳೆಯುವುದು. ಅಂಗೈಯಗಲದ ಗಾಜಿನ ತಟ್ಟೆ, ಅದಕ್ಕೊಂದು ಗಾಜಿನ ಮುಚ್ಚಳ. ಅಂಥವು ನೂರಾರು. ಮೊದಲ ದಿನ ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿ, ಬೆಳ್ಳಿಯಂತೆ ಹೊಳೆಯುತ್ತವೆ ಎಂದು ಸಾಲಾಗಿ ಜೋಡಿಸಿಟ್ಟೆ. ಲ್ಯಾಬು ನಡೆಸುತ್ತಿದ್ದ ನಮ್ಮ ವಿರೂಪಾಕ್ಷ ಸರ್ ಒಂದನ್ನು ಬೆಳಕಿಗೆ ಹಿಡಿದು ನೋಡಿದರು. ಮೈತುಂಬಾ ಗೀರು.

"ಹುಲಿಗೆಮ್ಮ, ಇದು ಹಿತ್ತಾಳಿ ಕೊಡ ಅಲ್ಲ. ಇದು ವಿಜ್ಞಾನ!"

ಸರ್ ಎಲ್ಲದಕ್ಕೂ ಆ ಒಂದೇ ಮಾತು ಆಡುತ್ತಿದ್ದರು. ಚಹಾ ತಣ್ಣಗಾದರೂ "ಇದು ವಿಜ್ಞಾನ!" ಎಂದು ಕೂಗುವ ಮನುಷ್ಯ. ಆದರೆ ಕೆಟ್ಟವರಲ್ಲ. ಒಂದು ದಿನ ತಾವಾಗಿಯೇ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು.

"ಇವು ಮಣ್ಣಾಗ, ಸಗಣಿಯಾಗ ಇರೋ ಜೀವ. ಒಂದು ಜೀವ ಅಂದ್ರ ಒಂದ ಕೋಶ. ತಿನ್ನಾಕ ಇರೋತನಕ ಯಾರಿಗೆ ಯಾರೂ ಇಲ್ಲ. ಊಟ ಮುಗೀತು ಅಂದ್ರ ಒಂದು ವಾಸನಿಯಂಥದ್ದು ಬಿಡ್ತಾವು. 'ಬರ್ರೋ' ಅಂತ ಕರದಂಗ. ಅದನ್ನ ಹಿಡಕಂಡು ಎಲ್ಲಾ ಒಂದ ಕಡಿಗೆ ಕೂಡ್ತಾವು."

ಬಗ್ಗಿ ನೋಡಿದೆ. ನನ್ನ ತಮ್ಮ ಮೈಲಾರಿ ಕುರಿ ಕಾಯುವವನು. ಸಂಜೆ ಮುಂದೆ ಅವನು ಒಂದು ಕೂಗು ಹಾಕಿದರೆ ನಾಲ್ಕೂ ದಿಕ್ಕಿನಿಂದ ಕುರಿಗಳು ಸಾಲು ಹಿಡಿದು ಬರುತ್ತವಲ್ಲ, ಥೇಟ್ ಹಾಗೆಯೇ ಬರುತ್ತಿದ್ದವು. ಬಂದು, ಕೂಡಿ, ಎಲ್ಲವೂ ಸೇರಿ ಒಂದೇ ಹುಳುವಿನಂತೆ ಹರಿದವು. ಆಮೇಲೆ ಕೆಲವು ಕೆಳಗೆ ಕಂಬದಂತೆ ನಿಂತು ಉಳಿದವನ್ನು ಮೇಲೆ ಹೊತ್ತವು.

"ಕೆಳಗ ನಿಂತವು ಸಾಯ್ತಾವು. ಮ್ಯಾಲಿನವು ಬೀಜ ಆಗಿ ಬದುಕ್ತಾವು," ಅಂದರು ಸರ್.

"ಯಾರು ಕೆಳಗ ನಿಂದ್ರಬೇಕು ಅಂತ ಹೆಂಗ ಮಾತಾಡ್ಕೊಂತಾವ್ರಿ?"

ಸರ್ ನನ್ನನ್ನೇ ನೋಡಿದರು. "ಬೆಂಗಳೂರಿನ ವಸುಧಾ ಮೇಡಂನೂ ಅದನ್ನ ಕೇಳಾಕತ್ಯಾರ, ಹುಲಿಗೆಮ್ಮ. ನಮ್ಮ ಎರಡೂ ಲ್ಯಾಬು ಕೂಡಿ ಮಾಡೋದು ಅದನ್ನ."

ನನಗೆ ಎಷ್ಟು ಉಬ್ಬು ಬಂತೆಂದರೆ, ಆ ಉಬ್ಬಿನಲ್ಲೇ ನಡೆದು ಹೋಗಿ ಎರಡು ಗಾಜಿನ ಜಾರ್ ಒಡೆದೆ.

ಆ ಜೀವಗಳು ಒಂದೊಂದು ಕಡೆ ಒಂದೊಂದು ಬಗೆ. ಆದ್ದರಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಸೀಮೆಯ ಮಣ್ಣು, ಹಿಕ್ಕೆ ಬೇಕು ಎಂದು ಸರ್ ಪಟ್ಟಿ ಮಾಡಿದರು. ಹಿಕ್ಕೆ ಎಂದರೆ ನಾನೇ ಮುಂದು. ಮೈಲಾರಿ ಆಗ ಕುರಿ ಹಿಂಡು ಹಾಕಿಕೊಂಡು ಹಿರೇಹಡಗಲಿ ಕಡೆ ಇದ್ದ. ನಾನು ಚಮಚ, ಚೀಟಿ, ಡಬ್ಬಿ ಹಿಡಿದು ಹೋಗಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತದ್ದನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

"ಅಕ್ಕ, ಕಾಲೇಜಿನಾಗ ಕೆಲಸ ಅಂತ ಎಷ್ಟು ಮೆರದಿ! ಕಡೀಕ ಹಿಕ್ಕಿ ಆರ್ಸಾಕ ಬಂದಿ."

"ಲೇ, ಇದು ಸ್ಯಾಂಪಲ್ಲು."

"ಸ್ಯಾಂಪಲ್ಲು ಅಂದ್ರ?"

"ಹಿಕ್ಕೀನ ಅದು. ಚೀಟಿ ಹಚ್ಚಿದ ಮ್ಯಾಲೆ ಸ್ಯಾಂಪಲ್ಲು ಆಗ್ತೈತಿ."

"ಹಂಗಾದ್ರ ನನಗೂ ಒಂದು ಚೀಟಿ ಹಚ್ಚು, ನಾನೂ ಏನರ ಆಗಲಿ."

ವಾಪಸ್ ಬರುವಾಗ ಬಸ್ಸಿನ ಕಂಡಕ್ಟರ್ ಮೂಗು ಮುಚ್ಚಿಕೊಂಡು ಕೇಳಿದ: "ಏನೈತಿ ಅಮ್ಮಾರ ಚೀಲದಾಗ?"

"ಸಂಶೋಧನಿ."

"ಭಾಳ ನಾರತೈತಿ ಸಂಶೋಧನಿ. ಟಾಪಿನ ಮ್ಯಾಲೆ ಇಡ್ರಿ."

ಟಾಪಿನ ಮೇಲೆ ಇಟ್ಟರೆ ಬಿಸಿಲಿಗೆ ಒಳಗಿನ ಜೀವ ಸಾಯುತ್ತವೆ. ನಾನು ಕೊಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಸೆರಗು ಮುಚ್ಚಿದೆ. ಪಕ್ಕದಲ್ಲಿದ್ದವರು ಒಬ್ಬೊಬ್ಬರೇ ಎದ್ದು ಹೋದರು. ಮೂರು ಜನರ ಸೀಟಿನಲ್ಲಿ ಕಾಲು ಚಾಚಿಕೊಂಡು ಕೊಟ್ಟೂರಿಗೆ ಬಂದೆ. ಅಷ್ಟು ಆರಾಮದ ಪ್ರಯಾಣ ಇಷ್ಟು ವರ್ಷದಲ್ಲಿ ಇನ್ನೊಂದು ಮಾಡಿಲ್ಲ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆ ಕರಡಿ ಜಾಸ್ತಿ. ಕರಡಿ ಲದ್ದಿಯೂ ಒಂದು ಇರಲಿ ಎಂದು ಸರ್‌ಗೆ ಆಸೆ. ಅದಕ್ಕೆ ಮಾತ್ರ ಅವರೇ ಬಂದರು. ಕಾಡಿನ ಅಂಚಿನಲ್ಲಿ ಒಂದು ಕಡೆ ಸಿಕ್ಕಿತು. ನಾನು ಚಮಚದಲ್ಲಿ ತೆಗೆಯುತ್ತಿದ್ದೆ, ಹಿಂದೆ ಪೊದೆಯಲ್ಲಿ ಸರಸರ ಅಂತು. ತಿರುಗಿ ನೋಡಿದರೆ ಸರ್ ಇಲ್ಲ. ಜೀಪಿನ ಬಾಗಿಲು ಹಾಕಿದ ಸಪ್ಪಳ ಮಾತ್ರ ಕೇಳಿತು. ಪೊದೆಯಿಂದ ಒಂದು ಆಡು ಹೊರಗೆ ಬಂದು ನನ್ನ ಚಮಚ ಮೂಸಿ ನೋಡಿ ಹೋಯಿತು.

"ನಾ ಓಡ್ಲಿಲ್ಲ ಹುಲಿಗೆಮ್ಮ. ಸ್ಯಾಂಪಲ್ ಉಳಿಸಬೇಕಂತ ಜೀಪಿಗೆ ಹೋದೆ," ಅಂದರು ಸರ್.

"ಸ್ಯಾಂಪಲ್ಲು ನನ್ನ ಕೈಯಾಗ ಇತ್ತಲ್ರೀ ಸರ್."

ಅವತ್ತು ಮಾತ್ರ ಅವರು "ಇದು ವಿಜ್ಞಾನ" ಅನ್ನಲಿಲ್ಲ.

ಬೇಸಿಗೆ ನಮ್ಮ ದೊಡ್ಡ ಶತ್ರು. ಈ ಜೀವಗಳಿಗೆ ತಂಪು ಬೇಕು. ತಂಪಿನ ಪೆಟ್ಟಿಗೆ ಇತ್ತು, ಕರೆಂಟು ಇರುತ್ತಿರಲಿಲ್ಲ. ನಾನು ಮನೆಯಿಂದ ಎರಡು ಮಣ್ಣಿನ ಹರವಿ ತಂದು, ಸುತ್ತ ಒದ್ದೆ ಗೋಣಿಚೀಲ ಸುತ್ತಿ, ಒಳಗೆ ತಟ್ಟೆ ಇಡುತ್ತಿದ್ದೆ. ಕುಡಿಯುವ ನೀರಿನ ಹರವಿ ಎಂದುಕೊಂಡು ಪರೀಕ್ಷೆಗೆ ಬಂದ ಹೊರಗಿನ ಮೇಷ್ಟ್ರೊಬ್ಬರು ಲೋಟ ಹಿಡಿದು ಮುಚ್ಚಳ ತೆಗೆದದ್ದುಂಟು. ಈಗ ಇನ್ವರ್ಟರು, ಎ.ಸಿ., ಮೊಬೈಲಿನಲ್ಲೇ ಫೋಟೋ, ಎಲ್ಲಾ ಬಂದಿವೆ. ಬರಲಿ, ಒಳ್ಳೆಯದೇ. ಆದರೂ ಒಂದು ಹರವಿ ಇಟ್ಟುಕೊಂಡಿರಿ ಎಂದು ಹೊಸಬರಿಗೆ ಹೇಳುತ್ತೇನೆ.

ಈಗ ಆ ತಟ್ಟೆಗೆ ಬರುತ್ತೇನೆ.

ಕೂಡಿ ಮಾಡುವ ಕೆಲಸ ಎಂದರೆ ಹೀಗೆ: ವಸುಧಾ ಮೇಡಂ ಹತ್ತಿರ ದೊಡ್ಡ ಯಂತ್ರಗಳಿದ್ದವು; ನಮ್ಮ ಹತ್ತಿರ ಮಣ್ಣು, ಹಿಕ್ಕೆ, ಮೈಲಾರಿ ಇದ್ದರು. ನಾವು ಬೆಳೆಸಿ ಕಳಿಸುವುದು, ಅವು ಏನು ಮಾತಾಡಿಕೊಳ್ಳುತ್ತವೆ ಎಂದು ಅವರು ಅಳೆಯುವುದು. ಬೆಂಗಳೂರಿನಿಂದ ಒಂದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಆರು ತಟ್ಟೆ ಬರುತ್ತಿದ್ದವು. ರೇಷ್ಮಾ ಅವುಗಳಲ್ಲಿ ಆ ಜೀವಗಳ ಊಟ ಹಾಕಿ, ಐದರಲ್ಲಿ ಐದು ಸೀಮೆಯವನ್ನು ಬೆಳೆಸುತ್ತಿದ್ದಳು. ನಾನು ಟೇಪು ಸುತ್ತಿ, ಪೆಟ್ಟಿಗೆ ಕಟ್ಟಿ, ಬೆಂಗಳೂರು ಬಸ್ಸಿಗೆ ಹಾಕುವುದು. ಆರನೆಯ ತಟ್ಟೆಯಲ್ಲಿ ಊಟ ಮಾತ್ರ ಇರುತ್ತಿತ್ತು, ಉಣ್ಣುವವರು ಇರುತ್ತಿರಲಿಲ್ಲ. ಅದರ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿರುತ್ತಿತ್ತು.

ನಮ್ಮಲ್ಲಿ ಬೇರೆಯವರ ಮನೆ ಪಾತ್ರೆ ಖಾಲಿ ಮಾಡಿ ವಾಪಸ್ ಕೊಡುವುದಿಲ್ಲ. ಸಾರು ಬಂದ ಬೋಗುಣಿಯಲ್ಲಿ ಒಂದು ಹಿಡಿ ಜೋಳ ಹಾಕಿ ಕೊಡಬೇಕು. ಏನೂ ಇಲ್ಲವೆಂದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ನಮ್ಮ ಅತ್ತೆ ಒಮ್ಮೆ ಅವಸರದಲ್ಲಿ ಬೀಗರ ಡಬ್ಬಿಯನ್ನು ಬರಿದೇ ಕಳಿಸಿಬಿಟ್ಟಿದ್ದರು. ಆ ಮಾತು ಮುಂದಿನ ಮೂರು ಮದುವೆಗಳಲ್ಲಿ ಊಟದ ಪಂಕ್ತಿಯಲ್ಲಿ ಎದ್ದಿತು.

ತಟ್ಟೆ ಬೆಂಗಳೂರಿನವರದು. ಐದು ತುಂಬಿವೆ, ಒಂದು ಖಾಲಿ. ಪಾಪ, ಈ ಹುಡುಗಿಗೆ ಕೆಲಸ ಬಹಳ, ಮರೆತಿದ್ದಾಳೆ ಅಂದುಕೊಂಡೆ. ರೇಷ್ಮಾ ಮಾಡುವುದನ್ನು ದಿನಾ ನೋಡಿ ನನಗೂ ಕೈ ಪಳಗಿತ್ತು. ತಂತಿಯ ಕೊಂಡಿಯನ್ನು ಬೆಂಕಿಗೆ ಹಿಡಿದು, ಆರಿಸಿ, ಚೆನ್ನಾಗಿ ತುಂಬಿದ ತಟ್ಟೆಯೊಂದಕ್ಕೆ ಮುಟ್ಟಿಸಿ, ಆ ಖಾಲಿ ತಟ್ಟೆಯಲ್ಲಿ ಒಂದು ಗೆರೆ ಎಳೆದೆ. ಮುಚ್ಚಿದೆ, ಟೇಪು ಸುತ್ತಿದೆ, ಕಳಿಸಿದೆ. ಮರೆತವಳ ಮಾನ ಉಳಿಯಲಿ ಎಂದು ಯಾರಿಗೂ ಹೇಳಲಿಲ್ಲ. ಮುಂದಿನ ಪೆಟ್ಟಿಗೆಯಲ್ಲೂ ಮರೆತಿದ್ದಳು, ಅದರ ಮುಂದಿನದರಲ್ಲೂ ಮರೆತಿದ್ದಳು. ಎಂಥ ಮರೆವಿನ ಹುಡುಗಿ ಎಂದು ಮರುಗುತ್ತಾ ಮೂರು ಸಲವೂ ನಾನೇ ತುಂಬಿಸಿದೆ.

ಆಮೇಲೆ ಬೆಂಗಳೂರಿನಿಂದ ಫೋನು ಬರುವುದು ಜಾಸ್ತಿ ಆಯಿತು. ಎಲ್ಲಾ ಇಂಗ್ಲಿಷು. ಸರ್ ಮುಖ ಒಣಗಿದ ಹೀರೇಕಾಯಿಯಂತೆ ಆಯಿತು. ಒಂದು ದಿನ ಲ್ಯಾಬಿಗೆ ಹೋದರೆ ರೇಷ್ಮಾ ಮಂಡಿಯೂರಿ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದಾಳೆ.

"ಏಳವ್ವ ಮ್ಯಾಲೆ. ನನ್ನ ಕೆಲಸ ನೀ ಮಾಡಿದ್ರ ನಾ ನಿನ್ನ ಪಿಎಚ್‌ಡಿ ಮಾಡ್ಲೇನು?"

ಅವಳು ತಲೆ ಎತ್ತಿದಳು. ಕಣ್ಣು ಕೆಂಪಗಾಗಿದ್ದವು. "ಖಾಲಿ ತಟ್ಟೆಯಾಗೆ ಬೆಳೆದೈತಂತೆ ಅಕ್ಕ. ಮೂರೂ ಸಲ."

"ಬೆಳದ್ರ ಚೊಲೊ ಅಲ್ಲೇನ?"

"ಅದರಾಗೆ ಏನೂ ಬೆಳೀಬಾರ್ದು ಅಕ್ಕ! ನಾವು ಹಾಕಿದ್ದು ಬಿಟ್ಟು ಬೇರೆ ಏನೂ ಒಳಗೆ ಸೇರಿಲ್ಲ ಅಂತ ತೋರ್ಸಾಕೇ ಅದನ್ನ ಖಾಲಿ ಕಳ್ಸೋದು. ಅದರಾಗೂ ಬಂತು ಅಂದ್ರೆ, ಉಳಿದ ಐದರಾಗೆ ಇರೋದು ಆ ಊರಿನ ಮಣ್ಣಿಂದೋ, ನನ್ನ ಕೊಳಕು ಕೈದೋ, ಯಾರು ನಂಬ್ತಾರೆ? ಸೋಮವಾರ ವಸುಧಾ ಮೇಡಂ ಬರ್ತಾರೆ. ಲ್ಯಾಬು ಸರಿ ಇಲ್ಲ ಅಂದ್ರೆ ನಮ್ಮ ಜೊತೆ ಕೆಲಸ ನಿಲ್ಲುಸ್ತಾರಂತೆ. ಮೂರು ವರ್ಷದ್ದು ಎಲ್ಲಾ ಹೋಗುತ್ತೆ. ಮನೇಲಿ ಮೊದಲೇ ಸಾಕು ಬಾ ಅಂತಾರೆ. ಇನ್ನೇನು, ಹರಪನಹಳ್ಳಿ ಬಸ್ಸು ಹತ್ತೋದೇ."

ನಾನು ಅಲ್ಲೇ ಬಕೆಟ್ಟಿನ ಪಕ್ಕ ಕೂತೆ. "ಯಾಕಕ್ಕ?" ಅಂದಳು. "ಮಂಡಿ ನೋವು," ಅಂದೆ. ಆ ಸುಳ್ಳು ಇವತ್ತಿಗೂ ಚುಚ್ಚುತ್ತದೆ.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: ಸುಮ್ಮನಿದ್ದುಬಿಡೋಣ ಅಂತಲೂ ಅನ್ನಿಸಿತು. ಮುಂದಿನ ಪೆಟ್ಟಿಗೆಯಿಂದ ನಾನು ಕೈ ಹಾಕದಿದ್ದರೆ ಆಯಿತು, ಹುಡುಗಿ ಸುಧಾರಿಸಿದಳು ಅಂತಾರೆ, ನನ್ನ ಕೆಲಸವೂ ಉಳಿಯುತ್ತದೆ. ಆದರೆ ಹೋದ ಮೂರು ಪೆಟ್ಟಿಗೆ? ಅವುಗಳ ಕೊಳೆ ಅವಳ ಹೆಸರಿಗೇ ಅಂಟಿಕೊಳ್ಳುತ್ತದೆ. ಭಾನುವಾರ ನಾನು ತಟ್ಟಿದ ರೊಟ್ಟಿ ಒಂದೂ ದುಂಡಗಾಗಲಿಲ್ಲ.

ಸೋಮವಾರ ವಸುಧಾ ಮೇಡಂ ಬಂದರು. ಮೇಜಿನ ಸಂದಿ, ಕಿಟಕಿಯ ಸರಳು, ನನ್ನ ಬಟ್ಟೆ ಒಣಹಾಕುವ ಹಗ್ಗ, ಒಂದನ್ನೂ ಬಿಡದೆ ನೋಡಿದರು. ರೇಷ್ಮಾಗೆ ಎಲ್ಲಾ ಕೆಲಸ ಮೊದಲಿನಿಂದ ಮಾಡಿ ತೋರಿಸಲು ಹೇಳಿದರು. ಅವಳು ಒಂದೂ ತಪ್ಪು ಮಾಡಲಿಲ್ಲ. ಬೆಳೆದ ಐದು, ಖಾಲಿ ಒಂದು, ಆರೂ ತಟ್ಟೆ ನನ್ನ ಮುಂದಿಟ್ಟಳು. ಮೇಡಂ ಪೆನ್ನು ಮುಚ್ಚಿದರು. ಎಲ್ಲರೂ ಎದ್ದರು. ಇನ್ನು ಉಳಿದದ್ದು ಅಟೆಂಡರ್ ಕೆಲಸ, ಅದನ್ನೇನು ನೋಡುವುದು?

"ಮೇಡಂ, ಹೋಗಬ್ಯಾಡ್ರಿ," ಅಂದೆ. "ನನ್ನ ಕೆಲಸ ಇನ್ನಾ ಐತಿ. ಅದನ್ನೂ ನೋಡ್ರಿ."

ಬಾಯಿಂದ ಹೇಳಲು ಧೈರ್ಯ ಬರಲಿಲ್ಲ, ಕೈಯಿಂದ ಮಾಡಿದೆ. ಕೊಂಡಿ ತೆಗೆದುಕೊಂಡೆ, ಬೆಂಕಿಗೆ ಹಿಡಿದೆ, ಆರಿಸಿದೆ. ತುಂಬಿದ ತಟ್ಟೆಗೆ ಮುಟ್ಟಿಸಿ ಖಾಲಿ ತಟ್ಟೆಯ ಮುಚ್ಚಳ ಎತ್ತಿದೆ.

"ಹುಲಿಗೆಮ್ಮ!" ಸರ್ ಕೂಗಿದ್ದಕ್ಕೆ ಕಿಟಕಿಯ ಪಾರಿವಾಳ ಹಾರಿದವು.

ಮೇಡಂ ಅವರ ತೋಳು ಹಿಡಿದರು. "ತಡೀಬೇಡಿ. ಮಾಡ್ಲಿ."

ಗೆರೆ ಎಳೆದೆ. ಮುಚ್ಚಿದೆ. ಟೇಪು ಸುತ್ತಿದೆ. "ಮೂರು ಸಲನೂ ಹಿಂಗ ಮಾಡೀನ್ರಿ. ಆ ಹುಡುಗಿದು ಏನೂ ತಪ್ಪಿಲ್ಲ."

ಸರ್ ಸ್ಟೂಲಿನ ಮೇಲೆ ಕೂತರು. ಸ್ಟೂಲು ಎರಡು ಹೆಜ್ಜೆ ಆಚೆ ಇತ್ತು. ಅವರನ್ನು ಎಬ್ಬಿಸಿ ನಿಲ್ಲಿಸಿದ ಮೇಲೆ ಮೇಡಂ ಕೇಳಿದರು: "ಯಾಕಮ್ಮ ಹೀಗೆ ಮಾಡಿದ್ರಿ?"

"ತಟ್ಟಿ ನಿಮ್ಮದ್ರಿ ಮೇಡಂ. ನಿಮ್ಮ ತಟ್ಟಿ ನಿಮಗ ಖಾಲಿ ಹೆಂಗ ಕಳಸ್ಲಿ? ನಾಳಿ ನೀವು ಏನಂತೀರಿ, ಕೊಟ್ಟೂರಿನವರಿಗೆ ಒಂದು ಚಿಟಿಗಿ ಕೊಡೋ ಕೈ ಇಲ್ಲ ಅಂತೀರಿ."

ರೇಷ್ಮಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಮೇಡಂ ಮಾತ್ರ ನಗಲಿಲ್ಲ.

"ನೀವು ಈ ಹುಡುಗೀನ ಉಳಿಸೋಕೆ ಹೀಗೆ ಹೇಳ್ತಿರಬಹುದು. ಬರೀ ಮಾತನ್ನ ನಾನು ನಂಬೋ ಹಾಗಿಲ್ಲ. ಯಾವ ಸಲ ಯಾವ ತಟ್ಟೆಯಿಂದ ತೆಗೆದು ಹಾಕಿದ್ರಿ? ನೆನಪಿದೆಯಾ?"

"ಯಾರಿಗೆ ಏನು ಕೊಟ್ಟೆ ಅಂತ ಯಾರರ ಮರೀತಾರೇನ್ರಿ? ಕೊಡೋದು ಇದ್ದವರ ಮನಿಯಿಂದ ಕೊಡಬೇಕು. ಅದಕ್ಕ ಆ ಸಲ ಯಾವುದು ತುಂಬಿ ಬೆಳದಿತ್ತೋ ಅದನ್ನ ಕೊಟ್ಟೀನಿ. ಮೊದಲ್ನೇ ಸಲ ಕೂಡ್ಲಿಗಿದು, ನೇರಳಿ ಬಣ್ಣದ್ದು. ಎರಡ್ನೇ ಸಲ ಹಿರೇಹಡಗಲಿದು, ನಮ್ಮ ಮೈಲಾರಿ ಕುರಿದು, ಹಳದಿ ತಲಿ ಇರೋದು. ಮೂರ್ನೇ ಸಲ ಹಗರಿಬೊಮ್ಮನಹಳ್ಳಿದು, ಹಂಪಸಾಗರದ ಹೊಳಿ ದಂಡಿದು, ಜಾಲಿಗಿಡದಂಗ ಟೊಂಗಿ ಒಡದಿರತೈತಲ್ಲ, ಅದು."

ಮೇಡಂ ಅಲ್ಲೇ ಬೆಂಗಳೂರಿಗೆ ಫೋನು ಹಚ್ಚಿ ಜೋರಾಗಿ ಕೇಳುವಂತೆ ಮೇಜಿನ ಮೇಲಿಟ್ಟರು. ಆ ಕಡೆಯವರಿಗೆ ಏನೂ ಹೇಳಲಿಲ್ಲ. ಮೂರು ಖಾಲಿ ತಟ್ಟೆಗಳಲ್ಲಿ ಏನು ಬೆಳೆದಿತ್ತು, ಬರೆದಿಟ್ಟದ್ದನ್ನು ಓದು ಅಂದರು, ಅಷ್ಟೇ. ಹಾಳೆ ತಿರುವುವ ಸಪ್ಪಳ ಕೇಳುತ್ತಿತ್ತು. ನಾನು ಹುಲಿಗೆಮ್ಮನನ್ನು, ನನ್ನ ಹೆಸರಿನ ದೇವಿಯನ್ನು, ನೆನೆಯುತ್ತಾ ನಿಂತೆ.

"ಮೊದಲನೇದು ನೇರಳೆ ಬಣ್ಣ ಮೇಡಂ." ರೇಷ್ಮಾ ನನ್ನ ಕೈ ಹಿಡಿದಳು. "ಎರಡನೇದು... ಹಳದಿ ತಲೆ." ಇನ್ನೂ ಬಿಗಿಯಾಗಿ ಹಿಡಿದಳು. "ಮೂರನೇದು ಕವಲು ಕವಲು."

"ಬೇರೆ ಏನಾದ್ರೂ ಇತ್ತಾ? ಬೂಷ್ಟು, ಬೇರೆ ಹುಳ?"

"ಏನೂ ಇಲ್ಲ ಮೇಡಂ. ಅದೇ ನಮಗೆ ಆಶ್ಚರ್ಯ. ಯಾರೋ ಅಚ್ಚುಕಟ್ಟಾಗಿ ಗೆರೆ ಎಳೆದ ಹಾಗಿದೆ."

ಮೇಡಂ ಫೋನು ಇಟ್ಟರು. "ವಿರೂಪಾಕ್ಷ, ನಿಮ್ಮ ಲ್ಯಾಬು ಸ್ವಚ್ಛವಾಗಿದೆ. ಹುಲಿಗೆಮ್ಮ ಹಾಕಿದ್ದು ಬಿಟ್ಟು ಆ ತಟ್ಟೆಯಲ್ಲಿ ಒಂದು ಕಣವೂ ಬೆಳೆದಿಲ್ಲ," ಅಂದರು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಆದರೂ ಅವರು ಗಟ್ಟಿ ಹೆಂಗಸು. ಇನ್ನೊಂದು ಪೆಟ್ಟಿಗೆ ಬರಲಿ, ಅದರಲ್ಲಿ ಖಾಲಿಯದು ಖಾಲಿಯೇ ಇದ್ದರೆ ಮಾತ್ರ ಹಳೆಯ ಮೂರನ್ನೂ ಒಪ್ಪುತ್ತೇನೆ ಎಂದು ಹೇಳಿ ಹೋದರು. ಆ ಪೆಟ್ಟಿಗೆ ಕಟ್ಟುವಾಗ ನನ್ನ ಕೈ ತುರಿಸಿದ ಹಾಗೆ ಹುರುಕಾದವರ ಕೈಯೂ ತುರಿಸಿರಲಿಕ್ಕಿಲ್ಲ. ರೇಷ್ಮಾ ಪಕ್ಕದಲ್ಲೇ ನಿಂತು "ಅಕ್ಕಾ..." ಅಂದಳು. "ಇಲ್ಲವ್ವ, ಬರೇ ನೋಡಾಕತ್ತೀನಿ," ಅಂದೆ. ಖಾಲಿಯಾಗಿಯೇ ಹೋಯಿತು. ಆದರೆ ಪೆಟ್ಟಿಗೆಯ ಹೊರಗೆ, ಬೇರೆ ಬಟ್ಟೆಚೀಲದಲ್ಲಿ, ಹನ್ನೆರಡು ಶೇಂಗಾ ಉಂಡಿ ಕಟ್ಟಿದೆ. ಅದಕ್ಕೂ ಚೀಟಿ ಹಚ್ಚಿದೆ.

ಒಂದು ವಾರಕ್ಕೆ ಫೋನು ಬಂತು. ಸರ್ ಕೇಳಿಸಿಕೊಂಡು ಹೊರಗೆ ಓಡಿಬಂದರು. ಗುಡೇಕೋಟೆಯ ನಂತರ ಅವರು ಓಡಿದ್ದು ಅದೇ ಮೊದಲು. "ಖಾಲಿ! ಖಾಲಿ ಐತಂತ! ಏನೂ ಬೆಳದಿಲ್ಲಂತ!" ಏನೂ ಬೆಳೆಯದ್ದಕ್ಕೆ ಅಷ್ಟು ಕುಣಿದವರನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಫೋನಿನ ಕೊನೆಗೆ ಮೇಡಂ ಕೇಳಿದ್ದು ಉಂಡಿಗೆ ಬೆಲ್ಲ ಎಷ್ಟು ಹಾಕುತ್ತೀರಿ ಅಂತ.

ಸರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕರೆದು ಕೂರಿಸಿ ಅಂದರು: "ಇಷ್ಟು ವರ್ಷ ಕೋಶ ಏನು ಮಾತಾಡ್ತಾವು ಅಂತ ಕೇಳ್ಕೊಂತ ಕುಂತೆ. ಆರ್ನೇ ತಟ್ಟಿ ಯಾಕ ಖಾಲಿ ಅಂತ ನಿನಗೊಂದು ಮಾತು ಹೇಳ್ಲಿಲ್ಲ. ತಪ್ಪು ನಂದೂ ಐತಿ." ನಾನು, "ನಾನರ ಎಲ್ಲಿ ಕೇಳಿದ್ನಿರಿ?" ಅಂದೆ. ಅವತ್ತಿನಿಂದ ಪ್ರತಿ ಪೆಟ್ಟಿಗೆ ಕಟ್ಟುವ ಮುಂಚೆ ಯಾವ ತಟ್ಟೆ ಯಾತಕ್ಕೆ ಎಂದು ರೇಷ್ಮಾ ನನಗೆ ಕನ್ನಡದಲ್ಲಿ ಹೇಳುವುದು, ನಾನು ತಿರುಗಿ ಅವಳಿಗೆ ಹೇಳುವುದು, ಪದ್ಧತಿಯಾಯಿತು. ಹೊಸ ಮಕ್ಕಳೇ, ನಿಮಗೂ ಅಷ್ಟೇ ಹೇಳುತ್ತೇನೆ. ತಟ್ಟೆ ತೊಳೆಯುವವರಿಗೂ ಹೇಳಿ. ನೀವೇ ತೊಳೆಯುವವರಾದರೆ ಕೇಳಿ. ಮತ್ತೆ ಗಾಜಿಗೆ ಬೂದಿ ಹಾಕಬೇಡಿ.

ಭೂಮಿಕಾ ಲ್ಯಾಬಿಗೆ ಹೋಗುವಾಗ ರೇಷ್ಮಾ ಮೇಡಂಗೆ ಎಂದು ಒಂದು ಸ್ಟೀಲ್ ಡಬ್ಬಿ ತುಂಬಾ ಶೇಂಗಾ ಹೋಳಿಗೆ ಕಳಿಸಿದ್ದೆ. ಮೊನ್ನೆ ರಜಕ್ಕೆ ಬಂದವಳು ಡಬ್ಬಿ ವಾಪಸ್ ತಂದಳು. ಸುತ್ತ ಲ್ಯಾಬಿನ ಟೇಪು, ಮುಚ್ಚಳದ ಮೇಲೆ ಚೀಟಿ. ರೇಷ್ಮಾಳ ಅಕ್ಷರವೇ: "ಖಾಲಿ. ಏನೂ ಹಾಕಿಲ್ಲ."

"ಅಲಲಲ, ಕಲಿಸಿದ್ದು ಚೊಲೊ ಕಲ್ತಾಳ," ಎಂದು ನಗುತ್ತಾ ಟೇಪು ಬಿಚ್ಚಿದೆ. ತೊಳೆದು ಒರೆಸಿದ ಡಬ್ಬಿ, ಫಳಫಳ. ತಳದಲ್ಲಿ ಒಂದು ಸಣ್ಣ ಕಾಗದದ ಮಡಿಕೆ. ಬಿಚ್ಚಿದರೆ ಒಂದು ಚಿಟಿಕೆ ಸಕ್ಕರೆ.

ಅದು ಎಲ್ಲಿಂದ ಒಳಗೆ ಸೇರಿತು ಎಂದು ನಾನು ತನಿಖೆ ಮಾಡಲಿಲ್ಲ. ಅರ್ಧ ಭೂಮಿಕಾಳ ಬಾಯಿಗೆ ಹಾಕಿ, ಉಳಿದದ್ದು ನಾನು ತಿಂದೆ.